ಓಟಿಪಿ ಗುಡ್ಡದ ಮೇಲೆ, ಲ್ಯಾಪ್‌ಟಾಪ್ ಕೆಳಗೆ

ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ನಮ್ಮ ಚಿಕ್ಕಮ್ಮನ ಮನೆ. 2023ರ ಮಳೆಗಾಲದಲ್ಲಿ ಅವರ ಪಿಂಚಣಿಯ ಕೆಲಸವೊಂದಕ್ಕೆ ಓಟಿಪಿ ಬೇಕಾಯಿತು. ಪಕ್ಕದ ಮನೆಗೆ ಫೈಬರ್ ಬಂದಿದೆ, ಲ್ಯಾಪ್‌ಟಾಪೂ ಇದೆ. ಆದರೆ ಚಿಕ್ಕಮ್ಮನದು ಕೀಪ್ಯಾಡ್ ಸೆಟ್ಟು. ಅದಕ್ಕೆ ಸಿಗ್ನಲ್ ಸಿಗುವುದು ಮನೆ ಹಿಂದಿನ ಗುಡ್ಡದ ತುದಿಯಲ್ಲಿ ಮಾತ್ರ. ನಾನು ಕೊಡೆ ಹಿಡಿದು ಗುಡ್ಡ ಹತ್ತಿದೆ. ಮೆಸೇಜ್ ಬಂತು. ಅಲ್ಲಿಂದಲೇ ಆರು ಅಂಕಿ ಕೂಗಿದೆ. ಅಂಗಳದಲ್ಲಿದ್ದ ತಮ್ಮ ಕೇಳಿಸಿಕೊಂಡು ಒಳಗೆ ಓಡಿದ. ಮಳೆಯ ಸದ್ದಿಗೆ ‘ಮೂರು’ ಅಂದದ್ದು ‘ಆರು’ ಅಂತ ಕೇಳಿಸಿತ್ತು. ಮೂರನೇ ಸಲಕ್ಕೆ ಕೆಲಸ ಆಯಿತು.

ಈ ಗುಡ್ಡಕ್ಕೂ ಅಂಗಳಕ್ಕೂ ನಡುವಿನ ದೂರದ, ಅಂದರೆ ಸಂಪರ್ಕ ಇದ್ದವರಿಗೂ ಇಲ್ಲದವರಿಗೂ ನಡುವಿನ ಅಂತರದ ಬಗ್ಗೆ ಜಗತ್ತು 40 ವರ್ಷಗಳಿಂದ ಸಭೆ ಸೇರುತ್ತಲೇ ಇದೆ.

ಮೊದಲು ಮಾತು ಇದ್ದದ್ದು ಫೋನಿನ ಬಗ್ಗೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ನೇಮಿಸಿದ್ದ ಆಯೋಗವೊಂದು ಸರ್ ಡೊನಾಲ್ಡ್ ಮೈಟ್‌ಲ್ಯಾಂಡ್ ಮುಂದಾಳತ್ವದಲ್ಲಿ 1984ರ ಕೊನೆಗೆ ವರದಿ ಕೊಟ್ಟಿತು. ಜಗತ್ತಿನ 60 ಕೋಟಿ ಫೋನುಗಳಲ್ಲಿ ಮುಕ್ಕಾಲು ಪಾಲು ಬರೀ ಒಂಬತ್ತು ಶ್ರೀಮಂತ ದೇಶಗಳಲ್ಲಿದ್ದವು. ಟೋಕಿಯೊ ಒಂದರಲ್ಲೇ ಇಡೀ ಆಫ್ರಿಕಾ ಖಂಡಕ್ಕಿಂತ ಜಾಸ್ತಿ ಫೋನುಗಳಿದ್ದವು. ಮುಂದಿನ ಶತಮಾನದ ಆರಂಭದ ಹೊತ್ತಿಗೆ ಎಲ್ಲರ ಕೈಗೆಟಕುವ ದೂರದಲ್ಲಿ ಒಂದು ಫೋನ್ ಇರಬೇಕು ಎಂದಿತು ಆಯೋಗ. ಮನೆ ಮನೆಗೆ ಫೋನ್ ಅಂದಿರಲಿಲ್ಲ, ಗಮನಿಸಿ.

ಅದೇ 1984ರಲ್ಲಿ ನಮ್ಮಲ್ಲಿ ಸಿ-ಡಾಟ್ ಎಂಬ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಶುರುವಾಯಿತು. ಫೋನ್ ಕರೆಗಳನ್ನು ಜೋಡಿಸುವ ಹೊರದೇಶದ ಎಕ್ಸ್‌ಚೇಂಜ್‌ಗಳು ಏಸಿ ಕೇಳುತ್ತಿದ್ದವು. ಸಿ-ಡಾಟ್ ಕಟ್ಟಿದ ಸ್ಯಾಮ್ ಪಿತ್ರೋಡಾ ತಂಡ ನಮ್ಮ ಧೂಳು, ಸೆಖೆ ತಾಳುವ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿತು. 1986ರಲ್ಲಿ ಅದು ಮೊದಲು ಕೆಲಸ ಶುರು ಮಾಡಿದ್ದು ನಮ್ಮದೇ ಕಿತ್ತೂರಿನಲ್ಲಿ. ಆಮೇಲೆ ಊರೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು.

ಇಂಟರ್ನೆಟ್ ಬಂದ ಮೇಲೆ ಮಾತು ದೊಡ್ಡದಾಯಿತು. ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆ 2003ರಲ್ಲಿ ಜಿನೀವಾದಲ್ಲಿ, 2005ರಲ್ಲಿ ಟ್ಯುನಿಸ್‌ನಲ್ಲಿ ನಡೆಯಿತು. 2015ರೊಳಗೆ ಹಳ್ಳಿಗಳಿಗೆಲ್ಲ ಸಂಪರ್ಕ ಎಂಬ ಗುರಿ ಬರೆದರು. ದುಡ್ಡು ಯಾರದ್ದು ಅನ್ನುವಲ್ಲಿ ಮಾತ್ರ ಜಗಳ. ಬಡ ದೇಶಗಳು, ಮುಖ್ಯವಾಗಿ ಆಫ್ರಿಕಾದವರು, ಒಂದು ನಿಧಿ ಕೇಳಿದರು. ನಿಧಿ ಹುಟ್ಟಿತು, ಆದರೆ ಕೊಡುವುದು ಬಿಡುವುದು ಅವರವರ ಇಷ್ಟ. ಇಷ್ಟಪಟ್ಟು ಕೊಟ್ಟವರು ಕಡಿಮೆ. ಕೆಲವೇ ವರ್ಷಗಳಲ್ಲಿ ಅದು ಸದ್ದಿಲ್ಲದೆ ಮುಚ್ಚಿತು.

ಈ ವಿಷಯದಲ್ಲಿ ಭಾರತ ಜಾಣತನ ತೋರಿಸಿತ್ತು ಅನ್ನಬೇಕು. 2002ರಿಂದಲೇ ಟೆಲಿಕಾಂ ಕಂಪನಿಗಳ ಆದಾಯದ ಶೇ 5ರಷ್ಟನ್ನು ಹಳ್ಳಿ ಸಂಪರ್ಕಕ್ಕೆಂದು ಎತ್ತಿಡುವ ವ್ಯವಸ್ಥೆ ಬಂತು. ಇಲ್ಲಿ ಇಷ್ಟಾನಿಷ್ಟದ ಪ್ರಶ್ನೆಯಿಲ್ಲ, ಕಡ್ಡಾಯ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ, ಇವತ್ತು ಭಾರತ್‌ನೆಟ್ ಅನ್ನುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿದ್ದೂ ಈ ದುಡ್ಡನ್ನು ನಂಬಿಯೇ.

ಹಾಗಾದರೆ ಮಲೆನಾಡಿನಲ್ಲೇ ಯಾಕೆ ಹೀಗೆ? ಬಯಲುಸೀಮೆಯಲ್ಲಿ ಊರು ಅಂದರೆ ಒತ್ತೊತ್ತಾದ ಮನೆಗಳು. ನಮ್ಮಲ್ಲಿ ತೋಟಕ್ಕೊಂದು ಒಂಟಿ ಮನೆ, ನಡುವೆ ಗುಡ್ಡ. ಗುಡ್ಡದ ಬೆನ್ನಿಗೆ ಸಿಗ್ನಲ್ ಇಳಿಯುವುದಿಲ್ಲ. ಒಂದು ಟವರ್‌ಗೆ ಸಿಗುವುದು ಹತ್ತಿಪ್ಪತ್ತು ಮನೆ, ಕಂಪನಿಗೆ ಲೆಕ್ಕ ಕೂಡುವುದಿಲ್ಲ. ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇರೆ. ಕಂಬದ ಮೇಲೆ ಫೈಬರ್ ಎಳೆದರೆ ಆಷಾಢದ ಗಾಳಿಗೆ ಮರ ಬಿದ್ದು ತುಂಡಾಗುತ್ತದೆ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿದರೆ ಇದ್ದ ಎರಡು ಕಡ್ಡಿಯೂ ಮಾಯ. ಅದೂ ರಾಜ್ಯಕ್ಕೆಲ್ಲ ಕರೆಂಟ್ ಕೊಡಲು 1960ರ ದಶಕದಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗೆ ಗದ್ದೆ ತೋಟ ಬಿಟ್ಟುಕೊಟ್ಟ ಮುಳುಗಡೆಯವರ ಊರಲ್ಲಿ!

ಕೋವಿಡ್ ಕಾಲದಲ್ಲಿ ಬೆಂಗಳೂರಿಂದ ಬಂದ ಹುಡುಗರು ಗುಡ್ಡದ ಮೇಲೆ ಟಾರ್ಪಾಲ್ ಕಟ್ಟಿ ಆಫೀಸ್ ಮಾಡಿದರು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ಬೋರ್ಡ್ ಬಿದ್ದದ್ದೂ ಆಗಲೇ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಒಪ್ಪಿತು.

ನನ್ನ ತಕರಾರು ಟವರ್ ತಡವಾದದ್ದಕ್ಕಲ್ಲ. 1984ರಲ್ಲಿ ಫೋನ್ ಇಲ್ಲದವನಿಗೆ ಒಂದು ಅನುಕೂಲ ಇರಲಿಲ್ಲ, ಅಷ್ಟೇ. ಅಕ್ಕಿ ಸೊಸೈಟಿಯಲ್ಲಿ, ಪಹಣಿ ಗ್ರಾಮ ಲೆಕ್ಕಿಗರ ಹತ್ತಿರ ಸಿಗುತ್ತಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ವಿಶ್ವಬ್ಯಾಂಕ್‌ನವರೂ ಅದನ್ನು ಹೊಗಳಿದರು. ಪಹಣಿಗೆ ಅಲೆಯುವುದು ನಿಜಕ್ಕೂ ಕಡಿಮೆಯಾಯಿತು. ಆಮೇಲೆ ಆಧಾರ್, ಪಡಿತರದ ಹೆಬ್ಬೆಟ್ಟು, ಯುಪಿಐ. 2023ರ ಆಗಸ್ಟ್‌ನಲ್ಲಿ ಜಿ20 ದೇಶಗಳ ಡಿಜಿಟಲ್ ಸಚಿವರು ಬೆಂಗಳೂರಿಗೆ ಬಂದಾಗ ನಾವು ಇದನ್ನೇ ಜಗತ್ತಿನ ಮುಂದಿಟ್ಟೆವು. ಹೆಮ್ಮೆಯ ವಿಷಯವೇ. ಆದರೆ ಸೇವೆ ಮುಂದೆ ಓಡಿತು, ಸಿಗ್ನಲ್ ಹಿಂದೆ ಉಳಿಯಿತು. ಈಗ ನೆಟ್‌ವರ್ಕ್ ಇಲ್ಲದವನಿಗೆ ಅಕ್ಕಿಗೂ ಪರದಾಟ.

2024ರ ಸೆಪ್ಟೆಂಬರ್ 22ರಂದು ವಿಶ್ವಸಂಸ್ಥೆ ‘ಜಾಗತಿಕ ಡಿಜಿಟಲ್ ಒಡಂಬಡಿಕೆ’ಗೆ ಒಪ್ಪಿಗೆ ಕೊಟ್ಟಿತು. ಇನ್ನೂ ಇಂಟರ್ನೆಟ್ ಕಾಣದ 260 ಕೋಟಿ ಜನರನ್ನು ತಲುಪುತ್ತೇವೆ, 2030ರೊಳಗೆ ಎಲ್ಲ ಶಾಲೆಗಳಿಗೂ ಸಂಪರ್ಕ ಕೊಡುತ್ತೇವೆ ಎಂದು ಅದರಲ್ಲಿದೆ. ಮಾತು ಒಳ್ಳೆಯದೇ. ತಪ್ಪಿದರೆ ಕೇಳುವವರು ಯಾರೂ ಇಲ್ಲ, ಇದು ಕಾನೂನಲ್ಲ.

2025ರ ಜುಲೈಯಲ್ಲಿ ನಮ್ಮ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯಿತು. ದಡ ದಾಟಿಸುವ ಲಾಂಚ್‌ಗೆ ಕಾಯುವ ಕಷ್ಟ ತಪ್ಪಿತು. ಚಿಕ್ಕಮ್ಮನೂ ಈಗ ಯಾರನ್ನೂ ಗುಡ್ಡ ಹತ್ತಿಸುವುದಿಲ್ಲ. ಓಟಿಪಿ ಬೇಕಾದರೆ ಬಸ್ ಹತ್ತಿ ಸಾಗರಕ್ಕೇ ಹೋಗಿ ಬರುತ್ತಾರೆ.