ಖಾಲಿ ಟ್ರೇಲರಿನ ತೂಕ ಎಲ್ಲಿ?

ಆಂಕರುಗಳ ಮೇಲೆ ಬಿದ್ದ ಎಳೆತವನ್ನು ಅಳೆಯುವುದು ನನ್ನ ಕೆಲಸ. ಬೆಳಗಾವಿಯಲ್ಲಿ ಮಳೆ ಹಿಡಿಯಿತೆಂದರೆ ನನಗೆ ಕರೆಗಳು ಹೆಚ್ಚುತ್ತವೆ. ಕಳೆದ ಸಲ ಟಿಳಕವಾಡಿಯ ಕಡೆಯ ಗುತ್ತಿಗೆದಾರನೊಬ್ಬನಿಂದ ಒಂದು ಬಂತು. ನೆಲಮಾಳಿಗೆಗೆಂದು ಅಗೆದ ಗುಂಡಿ, ಮೇಲೆ ಕೆಂಪು ಜಂಬಿಟ್ಟಿಗೆ ಮಣ್ಣು, ಬದಿಯ ಗೋಡೆಯನ್ನು ಹಿಡಿದಿಡಲು ಎಂಟು ಆಂಕರುಗಳು, ಅಂದರೆ ಮಣ್ಣಿನ ಆಳಕ್ಕೆ ಕೂರಿಸಿ ಬಿಗಿಯಾಗಿ ಎಳೆದು ಕಟ್ಟುವ ಉಕ್ಕಿನ ಹುರಿಗಳು.

‘ಫೈಬರ್ ಇರುವ ಎಂಟರಲ್ಲಿ ಮೂರು ಆಂಕರ್ ಎಳೆದು ಮುಗಿಸಿದ್ದೇವೆ ಸಾಹೇಬರೇ, ಲೋಡ್ ಎಷ್ಟಿದೆ ಬಂದು ನೋಡಿ.’

‘ಎಳೆಯುವ ಮುಂಚೆ ರೀಡಿಂಗ್ ತೆಗೆದಿದ್ದೀರಾ?’

‘ಮುಂಚೆ ಲೋಡೇ ಇರಲಿಲ್ಲವಲ್ಲ! ಇಲ್ಲದ್ದನ್ನು ಏನು ಅಳೆಯುವುದು?’

ಇದೇ ಉತ್ತರವನ್ನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಓದಿದ ಎಂಜಿನಿಯರುಗಳೂ ಅದರಲ್ಲಿದ್ದಾರೆ.

ಆಂಕರಿನ ಹುರಿಯೆಂದರೆ ಏಳು ತಂತಿಗಳ ಸ್ಟ್ರ್ಯಾಂಡ್. ಅದರಲ್ಲಿ ನಡುವಿನ ತಂತಿಯ ಜಾಗಕ್ಕೆ ಫೈಬರ್, ಅಂದರೆ ಗಾಜಿನ ಎಳೆ, ಹುದುಗಿಸಿದ ಸರಳು ಬರುತ್ತದೆ. ಆ ಎಳೆಯ ದಪ್ಪ 125 ಮೈಕ್ರಾನ್. ಅದರಲ್ಲಿ ಅಲ್ಲಲ್ಲಿ ಕೊರೆದ ಗುರುತುಗಳು ಒಂದೊಂದು ತರಂಗಾಂತರದ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತವೆ, ಸಾಮಾನ್ಯವಾಗಿ 1550 ನ್ಯಾನೊಮೀಟರ್ ಆಸುಪಾಸು. ತಂತಿ ಹಿಗ್ಗಿದರೆ ಆ ಸಂಖ್ಯೆ ಮೇಲೇರುತ್ತದೆ. 15.2 ಮಿ.ಮೀ. ಸ್ಟ್ರ್ಯಾಂಡಿಗೆ ಒಂದು ಟನ್ ಎಳೆತ ಬಿದ್ದರೆ ಏರಿಕೆ ಸುಮಾರು 0.4 ನ್ಯಾನೊಮೀಟರ್. ಅಂದರೆ ಉಪಕರಣದ ಪರದೆಯ ಮೇಲೆ ಲೋಡ್ ಎಂಬುದೇ ಇಲ್ಲ. ಇರುವುದು ಅಂದಿನ ತರಂಗಾಂತರ ಮಾತ್ರ. ಎಷ್ಟರಿಂದ ಏರಿತು ಎಂಬುದು ಗೊತ್ತಿಲ್ಲದಿದ್ದರೆ ನಾನು ಹೇಳುವುದೇನು?

‘ಕಂಪನಿಯ ಕಾಗದದಲ್ಲಿ ಬರೆದಿದೆಯಲ್ಲ’ ಎಂದು ಅಲ್ಲಿಯ ಸೂಪರ್‌ವೈಸರ್ ಹಾಳೆ ಚಾಚಿದ. ಅದು ಕಾರ್ಖಾನೆಯ ಮೇಜಿನ ಮೇಲಿದ್ದಾಗಿನ ಸಂಖ್ಯೆ. ಆಮೇಲೆ ಸ್ಟ್ರ್ಯಾಂಡನ್ನು ಸುರುಳಿ ಸುತ್ತಿದರು, ಲಾರಿಗೆ ಹೇರಿದರು, ರಂಧ್ರಕ್ಕೆ ತುರುಕಿದರು, ಸುತ್ತ ಗ್ರೌಟ್ ಎಂಬ ಸಿಮೆಂಟಿನ ಗಂಜಿ ತುಂಬಿದರು. ಗ್ರೌಟ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಬಳಿಕ ತಣಿದು ಕುಗ್ಗುತ್ತದೆ. ಫೈಬರಿಗೆ ಬಿಸಿಯೂ ಒಂದೇ, ಎಳೆತವೂ ಒಂದೇ, ಎರಡಕ್ಕೂ ಸಂಖ್ಯೆ ಏರುತ್ತದೆ. ಆದ್ದರಿಂದ ಶೂನ್ಯ ರೀಡಿಂಗ್ ತೆಗೆಯಬೇಕಾದದ್ದು ಗ್ರೌಟ್ ಗಟ್ಟಿಯಾಗಿ ತಣಿದ ಮೇಲೆ, ಹುರಿ ಎಳೆಯುವ ಜ್ಯಾಕ್ ಕೈಯಾಡಿಸುವ ಮೊದಲು. ಉಷ್ಣತೆಯನ್ನೂ ಜೊತೆಗೇ ಬರೆದಿಡಬೇಕು. ಐದು ನಿಮಿಷದ ಕೆಲಸ.

ಗುತ್ತಿಗೆದಾರನಿಗೆ ಇದು ತಲೆಗೆ ಹೋಗಲಿಲ್ಲ. ಹೋದದ್ದು ಮಾಲೀಕರ ತಂದೆಗೆ. ಘಟಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುವ ಅಜ್ಜ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು: ‘ಕಾರ್ಖಾನೆಯಲ್ಲಿ ತುಂಬಿದ ಗಾಡಿ ತೂಗಿ, ಖಾಲಿ ಟ್ರೇಲರ್ ತೂಗದೆ ಚೀಟಿ ಕೊಟ್ಟರೆ ನಾನು ಬಿಡುತ್ತೇನೆಯೇ?’

ನಾನು ಸೇರಿಸಿದ್ದು ಒಂದೇ ಮಾತು. ಕಬ್ಬು ಇಳಿಸಿದ ಮೇಲೂ ಟ್ರೇಲರ್ ತೂಗಬಹುದು ಅಜ್ಜ, ಗೋಡೆ ಹಿಡಿದಿರುವ ಆಂಕರನ್ನು ಇಳಿಸಿ ತೂಗುವಂತಿಲ್ಲ.

ಎಳೆದುಬಿಟ್ಟ ಆ ಮೂರಕ್ಕೆ ಉಪಾಯವೇ ಇಲ್ಲವೆಂದಲ್ಲ. ಜ್ಯಾಕ್ ಕೂಡಿಸಿ, ಸ್ಟ್ರ್ಯಾಂಡನ್ನು ಕಚ್ಚಿಹಿಡಿದ ಬೆಣೆಗಳು ಕುಳಿತ ಆಂಕರಿನ ತಲೆಯನ್ನು ತುಸು ಮೇಲೆತ್ತಿ ನೋಡಬಹುದು. ಆದರೆ ಅದು ತಿಳಿಸುವುದು ತಲೆಯಲ್ಲಿರುವ ಲೋಡನ್ನು ಮಾತ್ರ. ತಲೆಯಲ್ಲಿ ಕೂರಿಸಿ ಭಾರ ಅಳೆಯುವ ಲೋಡ್ ಸೆಲ್ಲಿನ ಮಿತಿಯೂ ಅದೇ. ಫೈಬರಿಗೆ ದುಡ್ಡು ಸುರಿಯುವುದು ಆಳದಲ್ಲಿ, ಗ್ರೌಟ್ ಮಣ್ಣನ್ನು ಹಿಡಿದಿರುವ ಉದ್ದದಲ್ಲಿ ಏನಾಗುತ್ತಿದೆ ಎಂದು ನೋಡಲು. ಎಳೆತವನ್ನು ಮೊದಲು ಹೊರುವುದು ಆ ಉದ್ದದ ಮೇಲ್ತುದಿ. ಅಲ್ಲಿ ಹಿಡಿತ ಸಡಿಲವಾದರೆ ಭಾರ ಕೆಳಕ್ಕೆ ಜರಗುತ್ತದೆ, ತಲೆಯ ಲೋಡ್ ಸೆಲ್ ಮಾತ್ರ ಹೆಚ್ಚುಕಡಿಮೆ ಹಳೆಯ ಅಂಕಿಯನ್ನೇ ತೋರಿಸುತ್ತಿರಬಹುದು. ಕೆಳತುದಿಗೆ ತಲುಪುವುದು ಎಷ್ಟೋ ಸಲ ಒಂದೆರಡು ಟನ್. ಶೂನ್ಯವೇ ತಪ್ಪಿದ್ದರೆ ಅಷ್ಟು ಸಣ್ಣ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಯಾವ ಅಂಕಿಗೆ ಹೆದರಬೇಕು ಎಂಬುದು ಪ್ರತಿ ಸೈಟಿನ ಮಣ್ಣು, ನೀರು, ವಿನ್ಯಾಸ ನೋಡಿಯೇ ಹೇಳಬೇಕಾದ ಮಾತು. ನನ್ನ ಅಂಕಿಗಳನ್ನು ನಿಮ್ಮ ಗುಂಡಿಗೆ ಒಯ್ಯಬೇಡಿ.

ಮೂರಕ್ಕೆ ಅಂದಿನ ರೀಡಿಂಗನ್ನೇ ಬುಡವೆಂದು ಬರೆದುಕೊಂಡೆ. ಇನ್ನು ಮುಂದಿನ ಏರಿಳಿತವಾದರೂ ತಿಳಿದೀತು. ಉಳಿದ ಐದನ್ನು ಎಳೆಯುವ ದಿನ ಮಳೆಯಿಂದಾಗಿ ಒಂದು ಗಂಟೆ ತಡವಾಗಿ ತಲುಪಿದೆ. ಜ್ಯಾಕಿನ ಪಂಪಿಗೆ ಕುರ್ಚಿ ಒತ್ತಿಕೊಂಡು, ಕೊಡೆ ಹಿಡಿದು ಅಜ್ಜ ಕುಳಿತಿದ್ದರು. ಆಪರೇಟರ್ ದೂರದಲ್ಲಿ ಚಹಾ ಕುಡಿಯುತ್ತಿದ್ದ.