ಎರಡು ತೊಡೆಗೂ ಒಂದೇ ಬಲವಿದೆಯೇ?

ಕೋಲಾರ ಜಿಲ್ಲೆಯಲ್ಲಿ ಫುಟ್‌ಬಾಲ್ ಅಂದರೆ ಮೊದಲು ಕೆಜಿಎಫ್. ಅಲ್ಲಿನ ಮೈದಾನದಲ್ಲಿ ಚೆಂಡಿನ ಹಿಂದೆ ಬಿದ್ದ ಆಟಗಾರ ಥಟ್ಟನೆ ತೊಡೆಯ ಹಿಂಭಾಗ ಹಿಡಿದು ನಿಂತರೆ ಸುತ್ತಲಿನವರು ಹೇಳುವುದು ಒಂದೇ: ‘ನರ ಹಿಡ್ಕೊಂಡಿದೆ, ಎಣ್ಣೆ ಹಚ್ಚಿ ನೀವ್ರೋ.’ ಅದು ನರವಲ್ಲ, ಸ್ನಾಯು. ಹರಿದ ಸ್ನಾಯುವನ್ನು ಅಂದೇ ನೀವಿದರೆ ಒಳಗೆ ರಕ್ತ ಇನ್ನಷ್ಟು ಒಸರುತ್ತದೆ.

ತೊಡೆಯ ಹಿಂಭಾಗದ ಈ ಸ್ನಾಯುವೇ ಹ್ಯಾಮ್‌ಸ್ಟ್ರಿಂಗ್. ವೇಗದ ಓಟದಲ್ಲಿ ಅದು ಹೆಚ್ಚಾಗಿ ಹರಿಯುವುದು, ಕಾಲು ಮುಂದಕ್ಕೆ ಬೀಸಿ ಪಾದ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ. ಆಗ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು. ಹಾಗಾಗಿ ಜಿಮ್‌ನಲ್ಲಿ ಮಂಡಿ ಮಡಿಸಿ ತೂಕ ಎಳೆಯುವ ಲೆಗ್ ಕರ್ಲ್‌ನಲ್ಲಿ ಎಷ್ಟು ಕಿಲೋ ಎಳೆದ ಎನ್ನುವುದು ಅರ್ಧ ಲೆಕ್ಕ ಮಾತ್ರ. ದೊಡ್ಡ ಕ್ಲಬ್‌ಗಳಲ್ಲಿ ಕಾಲನ್ನು ಒಂದೇ ವೇಗದಲ್ಲಿ ಆಡಿಸಿ ಬಲ ಅಳೆಯುವ ಐಸೋಕೈನೆಟಿಕ್ ಯಂತ್ರದ ಮೇಲೆ ಕೂರಿಸುತ್ತಾರೆ. ತೊಡೆಯ ಮುಂಭಾಗದ ಬಲದ ಶೇ 60ರಷ್ಟಾದರೂ ಹಿಂಭಾಗಕ್ಕಿರಬೇಕು, ಎಡಬಲದ ಅಂತರ ಶೇ 10-15 ದಾಟಬಾರದು ಎಂಬುದು ರೂಢಿಯ ಲೆಕ್ಕ. ಈ ಅಂಕಿ ಹಿಡಿದು ಯಾರಿಗೆ ಗಾಯವಾದೀತೆಂದು ಶಾಸ್ತ್ರ ಹೇಳಲಾಗದು. ಹಿಂದೆ ಹರಿದಿತ್ತೇ ಎಂದು ಮೊದಲು ಕೇಳಿ. ಅದಕ್ಕಿಂತ ದೊಡ್ಡ ಸುಳಿವಿಲ್ಲ.

ಯಂತ್ರವಿಲ್ಲದ ಕಡೆ 60 ಸೆಂ.ಮೀ. ಎತ್ತರದ ಗಟ್ಟಿ ಸ್ಟೂಲ್ ಸಾಕು. ಅಂಗಾತ ಮಲಗಿ ಒಂದು ಹಿಮ್ಮಡಿ ಅದರ ಮೇಲಿಟ್ಟು, ಮಂಡಿ ಸುಮಾರು 20 ಡಿಗ್ರಿ ಮಡಿಸಿ, ಕೈಕಟ್ಟಿ ಸೊಂಟ ಎತ್ತಿ ಇಳಿಸಬೇಕು. ಒಂದೊಂದು ಕಾಲಿಗೂ ಎಷ್ಟು ಸಲ ಎಂದು ಎಣಿಸಿ: 20ಕ್ಕಿಂತ ಕಡಿಮೆಯಾದರೆ ಕಳಪೆ, 25 ಪರವಾಗಿಲ್ಲ, 30 ದಾಟಿದರೆ ಚೆನ್ನ. ಬಲಗಾಲು 28 ಎತ್ತಿ ಎಡಗಾಲು 19ಕ್ಕೇ ನಡುಗಿದರೆ ನಾಲ್ಕು ದಿನ ಬಿಟ್ಟು ಮತ್ತೆ ಎಣಿಸಿ. ಸುಸ್ತಾದ ಕಾಲೂ ಹೀಗೇ ಸುಳ್ಳು ಹೇಳುತ್ತದೆ.

ಸೊರಗಿದ ಕಾಲಿಗೆ ಮದ್ದು ನಾರ್ಡಿಕ್ ಕರ್ಲ್ ಎಂಬ ವ್ಯಾಯಾಮ. ಮಡಿಸಿದ ಗೋಣಿಚೀಲದ ಮೇಲೆ ಮಂಡಿಯೂರಿ, ಜೊತೆಗಾರ ಎರಡೂ ಹಿಮ್ಮಡಿ ಅದುಮಿ ಹಿಡಿದಿರುವಾಗ, ಮೈ ನೇರವಾಗಿಟ್ಟು ಆದಷ್ಟು ನಿಧಾನವಾಗಿ ಮುಂದಕ್ಕೆ ವಾಲಬೇಕು. ಸೊಂಟ ಮಡಿಸಿದರೆ ಅದು ನಮಸ್ಕಾರವಾಯಿತೇ ಹೊರತು ವ್ಯಾಯಾಮವಲ್ಲ. ಯಾವ ಹಿಮ್ಮಡಿ ಜೋರಾಗಿ ಮೇಲಕ್ಕೊತ್ತುತ್ತಿದೆ ಎಂಬುದು ಹಿಡಿದವನ ಅಂಗೈಗೇ ತಿಳಿಯುತ್ತದೆ. ಬಲವಾದ ಕಾಲಿನ ಕಡೆಗೆ ಮೈ ತಿರುಚುವುದೂ ಕಾಣುತ್ತದೆ. ಮೊದಲ ವಾರ ಒಂದೇ ದಿನ, ಐದೈದರ ಎರಡು ಸೆಟ್; ಎರಡನೇ ವಾರ ಎರಡು ದಿನ, ಆರಾರು. ಆಮೇಲೆ ನಿಧಾನವಾಗಿ ಏರಿಸಿ.

ನಾರ್ಡಿಕ್‌ನಲ್ಲಿ ಸೊರಗಿದ ಕಾಲು ಬಲವಾದದ್ದರ ಹಿಂದೆ ಅಡಗಿಕೊಳ್ಳುತ್ತದೆ. ಅದಕ್ಕೇ ಡಂಬೆಲ್ ಹಿಡಿದು ಒಂಟಿಕಾಲಿನ ಡೆಡ್‌ಲಿಫ್ಟ್, ಅಂದರೆ ಒಂದೇ ಕಾಲ ಮೇಲೆ ನಿಂತು ಸೊಂಟದಿಂದ ಬಾಗಿ ಏಳುವುದನ್ನು ಸೇರಿಸಿ. ಸೊರಗಿದ ಕಾಲು ಮೊದಲು. ಅದು ಎಂಟಕ್ಕೆ ನಿಂತರೆ ಇನ್ನೊಂದಕ್ಕೂ ಎಂಟೇ.

ಪಂದ್ಯ ಭಾನುವಾರವಿದ್ದರೆ ಇದೆಲ್ಲ ಬುಧವಾರದೊಳಗೆ ಮುಗಿಯಲಿ. ಶುಕ್ರವಾರ ಶುರುಮಾಡಿದವನು ತೊಡೆ ನೋವಿನಲ್ಲೇ ಮೈದಾನಕ್ಕಿಳಿಯುತ್ತಾನೆ.