ಹಸಿ ಸೌದೆಯ ಮುಂದೆ ಒಂದು ರಾತ್ರಿ

ಡಿಸೆಂಬರ್ ತಿಂಗಳು, ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ಟೆಂಟಿನ ಮುಂದೆ ಬೆಂಕಿ ಕಾಯಿಸಲು ಹೊರಟ ನಾವು ಐದು ಜನ ಒಂದೂವರೆ ಗಂಟೆ ಹೊಗೆ ಕುಡಿದೆವು. ಕಡಿದು ಬಿಸಾಕಿದ್ದ ಸಿಲ್ವರ್ ಓಕ್ ಕೊಂಬೆಗಳನ್ನು ರಾಶಿ ಹಾಕಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ್ದೆವು. (ಸುರಿಯಬಾರದಿತ್ತು, ಒಬ್ಬನ ಹುಬ್ಬು ಸುಟ್ಟಿತು.) ಜ್ವಾಲೆ ಆಳೆತ್ತರ ಎದ್ದು ಎರಡೇ ನಿಮಿಷದಲ್ಲಿ ಸತ್ತಿತು. ಉರಿದದ್ದು ಸೀಮೆಎಣ್ಣೆ, ಸೌದೆ ಮೈ ಕಪ್ಪು ಮಾಡಿಕೊಂಡಿತು, ಅಷ್ಟೆ. ಕೊಂಬೆಗಳ ತುದಿಯಲ್ಲಿ ನೊರೆ ಉಕ್ಕಿ ಸುಂಯ್ ಎನ್ನುತ್ತಿತ್ತು.

ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಒಂದು ಕಿಲೋ ಹಸಿ ಸೌದೆಯೊಳಗಿನ ಅರ್ಧ ಲೀಟರ್ ನೀರನ್ನು ಆವಿ ಮಾಡಲು ಸುಮಾರು 1.3 ಮೆಗಾಜೂಲ್ ಶಾಖ ಬೇಕು. ಉಳಿದ ಅರ್ಧ ಕಿಲೋ ಮರ ಪೂರ್ತಿ ಉರಿದರೆ ಸುಮಾರು 9 ಮೆಗಾಜೂಲ್ ಬರುತ್ತದೆ. ಲೆಕ್ಕದಲ್ಲಿ ಲಾಭವೇ. ಆದರೂ ಹತ್ತುವುದಿಲ್ಲ ಏಕೆ? ಪಾತ್ರೆಯಲ್ಲಿ ನೀರಿರುವವರೆಗೆ ಅನ್ನ ಸೀಯುವುದಿಲ್ಲ, ನೀರು ಇಂಗಿದ ಮೇಲೆಯೇ ತಳ ಹಿಡಿಯುವುದು. ಸೌದೆಯ ಹಣೆಬರಹವೂ ಅದೇ. ನೀರು ಇರುವಷ್ಟು ಹೊತ್ತು ಆ ಭಾಗ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಬೆಂಕಿಗೆ ಬೇಕಾದ ಸರಕು ಧಾರಾಳವಾಗಿ ಹೊರಡುವುದು 250–300 ಡಿಗ್ರಿ ದಾಟಿದ ಮೇಲೆ.

ಆ ಸರಕು ಅನಿಲ. ಕಾದ ಮರ ಒಡೆದು ಬಿಡುವ ಅನಿಲಗಳೇ ಜ್ವಾಲೆಯಾಗಿ ಉರಿಯುತ್ತವೆ. ಅವು ತೀರಿದ ಮೇಲೆ ಉಳಿಯುವ ಇದ್ದಿಲು ಕೆಂಡವಾಗುತ್ತದೆ. ನಂಬಿಕೆ ಬಾರದಿದ್ದರೆ ಒಂದು ಮೇಣದಬತ್ತಿಯನ್ನು ಊದಿ ಆರಿಸಿ, ಬತ್ತಿಯಿಂದ ಏಳುವ ಬಿಳಿ ಎಳೆಗೆ ಕಡ್ಡಿಯ ಉರಿಯನ್ನು ಹಿಡಿಯಿರಿ. ಬೆಂಕಿ ಆ ಎಳೆಯಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ನಾವು ಕುಡಿದ ಹೊಗೆಯೂ ಬಹುಪಾಲು ಹೀಗೆಯೇ, ಉರಿಯದೆ ಹೋದ ಇಂಧನ.

ನಮ್ಮ ಅವಸ್ಥೆ ನೋಡಲಾರದೆ ತೋಟದ ಕಾವಲಿನವರು ಎದ್ದು ಬಂದರು. ರಾಶಿಯನ್ನು ಕಾಲಲ್ಲೇ ಸರಿಸಿ, ಒಣಗಿದ ಅಡಿಕೆ ಸೋಗೆ, ಒಂದು ಹಿಡಿ ಪುರಳೆ, ಹಳೆಯ ಕಾಫಿ ಗಿಡದ ಮೂರು ಬುಡ ತಂದರು. ಮುರಿದಾಗ ಟಕ್ಕೆನ್ನದ ಕಡ್ಡಿಯನ್ನು ಪಕ್ಕಕ್ಕೆ ಎಸೆದರು. ಅದೇ ಅವರ ತೇವಮಾಪಕ. ಮೊದಲು ಸೋಗೆ, ಆಮೇಲೆ ಪುರಳೆ, ಬಳಿಕ ಬೆರಳ ಗಾತ್ರದವು. ಸಣ್ಣ ಕಡ್ಡಿಗೆ ತೂಕಕ್ಕೆ ಹೋಲಿಸಿದರೆ ಮೈ ಹೆಚ್ಚು. ಬೇಗ ಕಾಯುತ್ತದೆ, ಬೇಗ ಅನಿಲ ಬಿಡುತ್ತದೆ. ಕೊನೆಗೆ ಮೂರು ಬುಡಗಳನ್ನು ಎರಡು ಬೆರಳಿನಷ್ಟು ಸಂದು ಬಿಟ್ಟು ಎದುರುಬದುರು ಇಟ್ಟರು. ಒಲೆಯಿಂದ ಈಚೆಗೆಳೆದ ಒಂಟಿ ಕೊಳ್ಳಿ ಆರಿಹೋಗುವುದನ್ನು ನೋಡಿರುತ್ತೀರಿ: ಅದರ ಶಾಖವೆಲ್ಲ ಸುತ್ತಲೂ ಚೆಲ್ಲಿಹೋಗುತ್ತದೆ. ಎದುರಿಗೆ ಇನ್ನೊಂದಿದ್ದರೆ ಒಂದು ಬೀರಿದ ಶಾಖ ಇನ್ನೊಂದಕ್ಕೆ ದಕ್ಕುತ್ತದೆ. ಸಂದಿನಿಂದ ಗಾಳಿ ನುಗ್ಗುತ್ತದೆ. ಹೊಗೆ ತೆಳುವಾಯಿತು.

ಬೆಂಕಿಯ ಸುತ್ತ ಇಡಲೆಂದು ನಾವು ಹಳ್ಳದಿಂದ ಹೊತ್ತು ತಂದಿದ್ದ ಉರುಟು ಕಲ್ಲುಗಳನ್ನು ಅವರು ಮಾತಿಲ್ಲದೆ ದೂರ ಉರುಳಿಸಿದರು. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಕಲ್ಲಿನ ಬಿರುಕಿನಲ್ಲಿ ಅದಕ್ಕೆ ಜಾಗವೆಲ್ಲಿ? ಕಲ್ಲು ಸಿಡಿಯುತ್ತದೆ. ಇನ್ನು ಜೋಳ ಚುಚ್ಚಿ ಸುಡಲು ಕಣಗಿಲೆ ಕಡ್ಡಿ ಖಂಡಿತ ಬೇಡ, ಆ ಗಿಡವೆಲ್ಲ ವಿಷ.

ಇದೆಲ್ಲ ತೋಟದ ಅಂಗಳದ ಮಾತು. ಮೀಸಲು ಅರಣ್ಯದೊಳಗೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋದದ್ದು ನೆನಪಿರುವವರಿಗೆ ಆ ಕಾಯ್ದೆ ಕಠಿಣ ಅನ್ನಿಸದು.

ಮಲಗುವ ಮುನ್ನ ಒಂದಿಷ್ಟು ಮಣ್ಣೆಳೆದು ಮುಚ್ಚಿ ಎದ್ದೆವು. ಕಾವಲಿನವರು ಬಿಡಲಿಲ್ಲ. ಮಲೆನಾಡಿನ ಬಚ್ಚಲ ಒಲೆಯಲ್ಲಿ ರಾತ್ರಿ ಕೆಂಡಕ್ಕೆ ಬೂದಿ ಎಳೆದು, ಬೆಳಿಗ್ಗೆ ಕೆದಕಿ ಊದುಗೊಳವೆ ಹಿಡಿದು ಹಂಡೆ ಕಾಯಿಸುತ್ತಿದ್ದರಲ್ಲ, ನಾವು ಮಾಡಿದ್ದೂ ಅದನ್ನೇ! ಬೂದಿ ಶಾಖವನ್ನು ಹೊರಗೆ ಬಿಡದು, ಗಾಳಿಯನ್ನು ಮಾತ್ರ ಇಷ್ಟಿಷ್ಟೇ ಒಳಗೆ ಬಿಡುತ್ತದೆ. ಬೂದಿ ಮುಚ್ಚಿದ ಕೆಂಡ ಎಂದು ಸಿಟ್ಟನ್ನು ಒಳಗೇ ಇಟ್ಟುಕೊಂಡವರನ್ನು ಕರೆಯುವುದು ಸುಮ್ಮನೆ ಅಲ್ಲ. ಅವರು ಒಂದು ಬಕೆಟ್ ನೀರು ಹೊಯ್ದು ಕೋಲಿನಿಂದ ಕೆದಕಿದರು, ಚುಂಯ್ ಎಂದಿತು. ಇನ್ನೊಂದು ಬಕೆಟ್, ಮತ್ತೆ ಚುಂಯ್. ಮೂರನೆಯದಕ್ಕೆ ಸದ್ದಿಲ್ಲ. ಕೈಯ ಹಿಂಬದಿಯನ್ನು ಕೆಸರಿನ ಹತ್ತಿರ ಹಿಡಿದು ನೋಡಿದರು, ಬಕೆಟ್ ಎತ್ತಿಕೊಂಡು ಮಲಗಲು ಹೋದರು.